ಬೆಳಗಾವಿಯಿಂದ ವಿಜಯಪುರಕ್ಕೆ ವರ್ಗ: ಸೈಕಲ್ಲಿಗೆ ಏನು ಬೇಕು, ಮನೆ ಯಾವ ದಿಕ್ಕಿಗೆ ಬೇಕು?

ಪ್ರಶ್ನೆ: ನನಗೆ 44 ವರ್ಷ. ಬ್ಯಾಂಕಿನಲ್ಲಿ ಕೆಲಸ. ಬೆಳಗಾವಿಯ ಟಿಳಕವಾಡಿಯಲ್ಲಿ ಮನೆ. ಕೆಲವು ವರ್ಷಗಳಿಂದ ಗೇರ್ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಈಗ ವಿಜಯಪುರಕ್ಕೆ ವರ್ಗವಾಗಿದೆ, ಮೇ ತಿಂಗಳಲ್ಲಿ ಹಾಜರಾಗಬೇಕು. ಶಾಖೆ ಗಾಂಧಿ ಚೌಕದ ಹತ್ತಿರ. ಎರಡು ಬಾಡಿಗೆ ಮನೆ ನೋಡಿದ್ದೇವೆ. ಒಂದು ಅಥಣಿ ರಸ್ತೆಯಲ್ಲಿ ತೊರವಿ ಕಡೆ, ಹೊಸ ಲೇಔಟ್, ಎರಡನೇ ಮಹಡಿ, ಮೇಲೆ ಬರೀ ತಾರಸಿ. ಇನ್ನೊಂದು ಗೋಳಗುಮ್ಮಟ ದಾಟಿ ಇಂಡಿ ರಸ್ತೆ ಕಡೆ, ಹಳೇ ಕಲ್ಲಿನ ಮನೆ, ನೆಲಮಹಡಿ, ಓಣಿ ಸ್ವಲ್ಪ ಇಕ್ಕಟ್ಟು. ದೂರ ಎರಡಕ್ಕೂ ನಾಲ್ಕೈದು ಕಿಲೋಮೀಟರ್. ಮನೆಯವರಿಗೆ ಹೊಸ ಮನೆ ಇಷ್ಟ. ಆದರೆ ಕೇಳಿದವರೆಲ್ಲ ಹೆದರಿಸುತ್ತಿದ್ದಾರೆ. "ಅಲ್ಲಿಯ ಬಿಸಿಲಿಗೆ ಟೈರ್ ಒಡೆಯುತ್ತದೆ, ಗಾಳಿ ಕಡಿಮೆ ಹಾಕಿ", "ಹೆಲ್ಮೆಟ್ ಹಾಕಿದರೆ ತಲೆ ಬೇಯುತ್ತದೆ", "ಊರು ಸಪಾಟು, ಗೇರ್ ಯಾಕೆ, ಮಾರಿಬಿಡಿ" ಎನ್ನುತ್ತಾರೆ. ರೇನ್‌ಕೋಟು, ಮಡ್‌ಗಾರ್ಡು ಎಲ್ಲ ಇಲ್ಲೇ ಬಿಟ್ಟು ಹೋಗಲಾ? ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಸೈಕಲ್ ಬಿಡಲು ಮನಸ್ಸಿಲ್ಲ.

ಉತ್ತರ: ಬಿಡಬೇಡಿ. ಬಿಡುವಂಥದ್ದೇನೂ ಆಗಿಲ್ಲ. ಆದರೆ ನೀವು ಸಾಮಾನಿನ ಬಗ್ಗೆ ಕೇಳಿದಷ್ಟೇ ಮನೆಯ ಬಗ್ಗೆಯೂ ಕೇಳಿದ್ದು ಒಳ್ಳೆಯದಾಯಿತು. ನನ್ನ ಸೈಕಲ್ ಅಂಗಡಿಗೆ ಬರುವ ಹೆಚ್ಚಿನವರು ಮೊದಲು ಮನೆ ಮಾಡಿ, ಆಮೇಲೆ ಆ ಮನೆಯ ಕಷ್ಟಕ್ಕೆ ಸಾಮಾನು ಹುಡುಕುತ್ತಾರೆ. ವಿಜಯಪುರದಂಥ ಊರಲ್ಲಿ ಮನೆ ಕಚೇರಿಯಿಂದ ಯಾವ ದಿಕ್ಕಿಗಿದೆ ಎನ್ನುವುದರಿಂದ ಆಗುವ ಅನುಕೂಲ ಯಾವ ದುಬಾರಿ ಜೆರ್ಸಿಯಿಂದಲೂ ಆಗುವುದಿಲ್ಲ. ಅದಕ್ಕೇ ಮನೆಯಿಂದಲೇ ಶುರು ಮಾಡುತ್ತೇನೆ.

ನಿಮಗೆ ಗೊತ್ತಿರುವ ಹವೆ ಒಂದು, ಹೋಗುವ ಹವೆ ಇನ್ನೊಂದು. ನಡುವೆ ಇರುವುದು ಇನ್ನೂರು ಕಿಲೋಮೀಟರ್ ಆಸುಪಾಸಿನ ರಸ್ತೆ ಅಷ್ಟೇ. ಮಳೆಗಾಲದ ಗಾಳಿ ಅರಬ್ಬಿ ಸಮುದ್ರದಿಂದ ಬಂದು ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಹೊಟ್ಟೆತುಂಬ ಸುರಿಯುತ್ತದೆ. ಬೆಳಗಾವಿಗೆ ಬರುವಾಗಲೂ ವರ್ಷಕ್ಕೆ 1,200 ಮಿಲಿಮೀಟರ್ ಆಸುಪಾಸು ಕೊಡುತ್ತದೆ. ಗೋಕಾಕ ದಾಟಿ ಪೂರ್ವಕ್ಕೆ ಬಂದಂತೆ ಅದರಲ್ಲಿ ನೀರೇ ಉಳಿದಿರುವುದಿಲ್ಲ. ವಿಜಯಪುರ, ಬಾಗಲಕೋಟೆಗೆ ಸಿಗುವುದು ಅದರ ಅರ್ಧ, 600 ಮಿಲಿಮೀಟರಿನ ಆಸುಪಾಸು. ಆದರೆ ನೀರು ಖಾಲಿಯಾದರೂ ಗಾಳಿ ನಿಲ್ಲುವುದಿಲ್ಲ. ತಡೆಯಲು ಗುಡ್ಡವಿಲ್ಲ, ಕಾಡಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಯಲಿನ ಮೇಲೆ ಬೀಸುತ್ತಲೇ ಇರುತ್ತದೆ. ಬೆಳಗಾವಿಯವರು ಇಲ್ಲಿಗೆ ಬಂದು ಮೊದಲು ದೂರುವುದು ಬಿಸಿಲಿನ ಬಗ್ಗೆ. ಜುಲೈನಲ್ಲಿ ಅವರೇ ಗಾಳಿಯ ಬಗ್ಗೆ ಹೇಳತೊಡಗುತ್ತಾರೆ.

ಈಗ ನಿಮ್ಮ ಎರಡು ಮನೆ. ತೊರವಿ ಕಡೆಯ ಮನೆ ಶಾಖೆಯಿಂದ ಪಶ್ಚಿಮಕ್ಕೆ. ಬೆಳಿಗ್ಗೆ ಆರಾಮಾಗಿ ಬರುತ್ತೀರಿ. ಸಂಜೆ ಐದೂವರೆ, ಆರಕ್ಕೆ ಹೊರಟರೆ ಮುಖ ಪಶ್ಚಿಮಕ್ಕೆ. ಇಳಿ ಸೂರ್ಯ ನೇರ ಕಣ್ಣಿಗೆ. ಪಡುವಣ ಗಾಳಿ ಮಧ್ಯಾಹ್ನದ ಮೇಲೆ ಜೋರಾಗುವುದು ರೂಢಿ, ಅದು ನೇರ ಎದೆಗೆ. ಮೂರನೆಯದು ಏರು. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿ ಕಡೆಯಿಂದ ನೆಲದಡಿಯ ಸುರಂಗದಲ್ಲಿ ಊರಿಗೆ ನೀರು ತಂದಿದ್ದರು. ಪಂಪ್ ಇಲ್ಲದ ಕಾಲ. ನೀರು ತಾನಾಗಿಯೇ ಹರಿದು ಬರಬೇಕಾದರೆ ತೊರವಿ ಊರಿಗಿಂತ ಎತ್ತರದಲ್ಲೇ ಇರಬೇಕು, ಅಲ್ವಾ? ಕಾರಿನಲ್ಲಿ ಹೋದರೆ ಆ ಏರು ಗೊತ್ತೇ ಆಗುವುದಿಲ್ಲ. ದಿನವಿಡೀ ಕೆಲಸ ಮಾಡಿ ದಣಿದ ಕಾಲಿಗೆ ಗೊತ್ತಾಗುತ್ತದೆ. ಏರು, ಎದುರು ಗಾಳಿ, ಕಣ್ಣಿಗೆ ಬಿಸಿಲು, ಮೂರೂ ಒಟ್ಟಿಗೆ, ಅದೂ ಸಂಜೆಯ ಹೊತ್ತಿಗೆ.

ಇಂಡಿ ರಸ್ತೆಯ ಮನೆ ಇದಕ್ಕೆ ಉಲ್ಟಾ. ಬೆಳಿಗ್ಗೆ ಮೈ ತಾಜಾ ಇದ್ದಾಗ, ಗಾಳಿಯೂ ಇನ್ನೂ ಕಡಿಮೆ ಇದ್ದಾಗ ಎದುರು ತುಳಿಯುತ್ತೀರಿ. ಸಂಜೆ ಗಾಳಿ ಬೆನ್ನಿಗೆ, ಸೂರ್ಯನೂ ಬೆನ್ನಿಗೆ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬರುತ್ತದೆ ನಿಜ, ಆದರೆ ಅದರಲ್ಲಿ ಅಷ್ಟು ದಮ್ ಇರುವುದಿಲ್ಲ. ಒಂದು ಅಪಾಯ ಮಾತ್ರ ಹೇಳಬೇಕು. ಸೂರ್ಯ ನಿಮ್ಮ ಬೆನ್ನಿಗಿದ್ದಾನೆ ಎಂದರೆ ಎದುರು ಬರುವವನ ಕಣ್ಣಿಗೆ ಹೊಡೆಯುತ್ತಿದ್ದಾನೆ ಎಂದರ್ಥ. ಅಡ್ಡ ತಿರುಗುವ ಆಟೋ, ಬೈಕಿನವನಿಗೆ ನೀವು ಕಾಣದೇ ಹೋಗಬಹುದು. ಅದಕ್ಕೇ ಹಗಲಲ್ಲೂ ಮುಂದಿನ ಲೈಟು ಮಿನುಗುತ್ತಿರಲಿ. ಪಶ್ಚಿಮದ ಮನೆಯಾದರೆ ಕಣ್ಣು ಕುಕ್ಕುವುದು ನಿಮ್ಮ ಹಿಂದಿನಿಂದ ಬರುವ ಗಾಡಿಯವನಿಗೆ. ನನ್ನ ಲೆಕ್ಕದಲ್ಲಿ ಅದು ಇನ್ನೂ ಕೆಟ್ಟದ್ದು. ಎದುರಿನವನನ್ನು ನೀವಾದರೂ ನೋಡುತ್ತೀರಿ, ಹಿಂದಿನವನನ್ನು ನೋಡುವವರು ಯಾರೂ ಇಲ್ಲ.

ಮನೆಯ ಮಣ್ಣಿನ ಬಗ್ಗೆಯೂ ಕೇಳಿ. ಈ ಭಾಗದ ಹಳೇ ಊರುಗಳನ್ನು ಗಮನಿಸಿದರೆ ಒಂದು ತಿಳಿಯುತ್ತದೆ. ಸುತ್ತ ಎಲ್ಲ ಎರೆ, ಅಂದರೆ ಕಪ್ಪು ಮಣ್ಣಿನ ಹೊಲ ಇದ್ದರೂ ಊರು ಮಾತ್ರ ಗಟ್ಟಿ ನೆಲದ ಮೇಲೆ, ಮಡ್ಡಿಯ ಮೇಲೆ ಇರುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಗೋಡೆಯೂ ಬಿರುಕು ಬಿಡುತ್ತದೆ. ಹಿರಿಯರು ಬೆಳೆಗೆ ಎರೆ, ಮನೆಗೆ ಮಡ್ಡಿ ಎಂದು ಬೇರೆ ಬೇರೆ ಇಟ್ಟಿದ್ದರು. ಈಗ ಹೊಲಗಳೇ ಲೇಔಟ್ ಆಗುತ್ತಿವೆ. ಮನೆ ಚೆನ್ನಾಗಿರುತ್ತದೆ, ಅಡಿಪಾಯ ಆಳಕ್ಕೆ ಹಾಕಿರುತ್ತಾರೆ. ಆದರೆ ಮನೆಯಿಂದ ಡಾಂಬರು ರಸ್ತೆಗೆ ಬರುವ ಕೊನೆಯ ಅರ್ಧ ಕಿಲೋಮೀಟರ್ ಇನ್ನೂ ಹಸಿ ಎರೆಯೇ ಆಗಿದ್ದರೆ ಸೈಕಲ್ಲಿನವರಿಗೆ ಅದೇ ದೊಡ್ಡ ತಲೆನೋವು.

ಬೆಳಗಾವಿಯ ಕೆಂಪು ಮಣ್ಣಿನ ರಾಡಿ ಹಾರುತ್ತದೆ, ಸಿಡಿಯುತ್ತದೆ, ತೊಳೆದರೆ ಹೋಗುತ್ತದೆ. ಎರೆ ಹಾಗಲ್ಲ. ಟೈರಿಗೆ ಸುತ್ತಿಕೊಳ್ಳುತ್ತದೆ. ಗಾಲಿ ಒಂದೊಂದು ಸುತ್ತು ತಿರುಗಿದಾಗಲೂ ಒಂದೊಂದು ಪದರ ಏರುತ್ತದೆ. ಹತ್ತಿಪ್ಪತ್ತು ಮೀಟರ್ ಹೋಗುವಷ್ಟರಲ್ಲಿ ಫೋರ್ಕಿನ ಸಂದು, ಬ್ರೇಕಿನ ಸಂದು, ಮಡ್‌ಗಾರ್ಡಿನ ಒಳಗೆಲ್ಲ ತುಂಬಿ ಗಾಲಿ ತಿರುಗುವುದೇ ಇಲ್ಲ. ಒತ್ತಾಯ ಮಾಡಿ ತುಳಿದರೆ ಹಿಂದಿನ ಗೇರಿನ ಡಿರೇಲರ್ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮುರಿಯುತ್ತದೆ, ಇಂಥ ಕೇಸು ಪ್ರತಿ ಮಳೆಗಾಲದಲ್ಲೂ ಅಂಗಡಿಗೆ ಬರುತ್ತವೆ. ಜಾಲಿ ಕಡ್ಡಿ ತಗೊಂಡು ಕೆರೆಯುತ್ತ ನಿಲ್ಲುವುದು, ಸೈಕಲ್ ಹೆಗಲಿಗೇರಿಸಿ ನಡೆಯುವುದು, ಇವೆರಡೇ ದಾರಿ. ಹಾಗಾಗಿ ನಿಮ್ಮ ಮಡ್‌ಗಾರ್ಡ್ ಬಿಸಾಡಬೇಡಿ, ಆದರೆ ಟೈರಿಗೂ ಅದಕ್ಕೂ ನಡುವೆ ಒಂದು ಹೆಬ್ಬೆರಳಿನಷ್ಟಾದರೂ ಜಾಗ ಬರುವಂತೆ ಮೇಲೆತ್ತಿಸಿ. ಡಾಂಬರು ರಸ್ತೆಯ ಪಕ್ಕದ ಮನೆಯಾದರೆ ಈ ಚಿಂತೆಯೇ ಇಲ್ಲ.

ಇನ್ನು ಮಾಳಿಗೆ, ಅಂದರೆ ಮನೆಯ ಮೇಲ್ಛಾವಣಿ. ಸೈಕಲ್ಲಿಗೂ ಮಾಳಿಗೆಗೂ ಏನು ಸಂಬಂಧ ಎಂದು ನಗಬೇಡಿ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಕಾಂಕ್ರೀಟ್ ತಾರಸಿ ದಿನವಿಡೀ ಬಿಸಿಲು ಕುಡಿದು ರಾತ್ರಿ ಅದನ್ನು ಕೋಣೆಯೊಳಗೆ ಬಿಡುತ್ತದೆ. ಹೊರಗೆ ಗಾಳಿ ತಣ್ಣಗಾದರೂ ಒಳಗೆ ಫ್ಯಾನು ಬಿಸಿಗಾಳಿ ತಿರುವುತ್ತಿರುತ್ತದೆ. ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟ ಮೈಗೆ ಮರುದಿನ ಬಿಸಿಲು ತಡೆಯುವ ಶಕ್ತಿ ಕಡಿಮೆ. ಹಳೇ ಮನೆಗಳ ಮಣ್ಣಿನ ಮಾಳಿಗೆ, ದಪ್ಪ ಕಲ್ಲಿನ ಗೋಡೆ, ಚಿಕ್ಕ ಬೆಳಕಿಂಡಿ ಇದ್ದದ್ದು ಇದಕ್ಕೇ. ಬೆಳಗಾವಿಯಲ್ಲಿ ಮಳೆಗೆ ಇಳಿಜಾರು ಹಂಚು ಬೇಕಾಯಿತು, ಇಲ್ಲಿ ಬಿಸಿಲಿಗೆ ಸಪಾಟು ಮಣ್ಣು ಸಾಕಾಯಿತು. ಇಕ್ಕಟ್ಟು ಓಣಿ ಎಂದು ನೀವು ಬೇಸರಿಸಿದ್ದೀರಿ. ಆ ಓಣಿಯಲ್ಲಿ ಹತ್ತು ಗಂಟೆಗೂ ನೆರಳಿರುತ್ತದೆ ನೋಡಿ. ಬಾಗಲಕೋಟೆಯಲ್ಲಿ ಇದನ್ನು ಒಂದೇ ದಿನದಲ್ಲಿ ತಿಳಿಯಬಹುದು. ಆಲಮಟ್ಟಿ ಹಿನ್ನೀರಿನಿಂದಾಗಿ ಕಟ್ಟಿದ ನವನಗರದ ಅಗಲ ರಸ್ತೆಯಲ್ಲಿ ಮಧ್ಯಾಹ್ನ ತುಳಿದು, ಆಮೇಲೆ ಹಳೇ ಪೇಟೆಯ ಓಣಿಗೆ ಹೊಕ್ಕರೆ ಮೈಗೆ ತಾನೇ ಗೊತ್ತಾಗುತ್ತದೆ.

ಹಾಗಾದರೆ ಹೊಸ ಮನೆ ಬೇಡವೇ ಬೇಡ ಎಂದಲ್ಲ. ಮನೆಯವರ ಇಷ್ಟವೂ ಇದೆ. ಅದೇ ಆಗಬೇಕಾದರೆ ತಾರಸಿಗೆ ಬಿಳಿ ಸುಣ್ಣವೋ, ಬಿಸಿಲು ತಡೆಯುವ ಬಿಳಿ ಪೇಂಟೋ ಹೊಡೆಸಲು ಮಾಲೀಕರನ್ನು ಒಪ್ಪಿಸಿ. ಅದೇ ಬಡಾವಣೆಯಲ್ಲಿ ಕೆಳಗಿನ ಮನೆ ಸಿಗುತ್ತದೆಯೇ ವಿಚಾರಿಸಿ. ಸಂಜೆ ಅರ್ಧ ಗಂಟೆ ತಡವಾಗಿ ಹೊರಡಿ. ಆದರೆ ಆಗ ಕತ್ತಲಾಗುತ್ತದೆ, ಕಬ್ಬಿನ ಹಂಗಾಮಿನಲ್ಲಿ ಹಿಂದೆ ಲೈಟೇ ಇಲ್ಲದ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ರಸ್ತೆಗಿಳಿಯುತ್ತವೆ. ಆ ಅಪಾಯವನ್ನೂ ತೂಗಿ ನೋಡಿ. ಅಡ್ವಾನ್ಸ್ ಕೊಡುವ ಮೊದಲು ಯಾರದಾದರೂ ಸೈಕಲ್ ಪಡೆದು ಸಂಜೆ ಆರಕ್ಕೆ ಗಾಂಧಿ ಚೌಕದಿಂದ ಎರಡೂ ಮನೆಗೆ ಒಮ್ಮೊಮ್ಮೆ ತುಳಿದು ಹೋಗಿ. ನನ್ನ ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಈಗ ನಿಮ್ಮನ್ನು ಹೆದರಿಸಿದವರ ಮಾತು.

ಬಿಸಿಲಿಗೆ ಟೈರ್ ಒಡೆಯುತ್ತದೆ ಎನ್ನುವುದು ಮುಕ್ಕಾಲು ಸುಳ್ಳು. ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ, ನಿಜ. ಬೆಳಿಗ್ಗೆ 25 ಡಿಗ್ರಿಯಲ್ಲಿ 50 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ತುಂಬಿ, ಟೈರು 55 ಡಿಗ್ರಿಗೆ ಕಾಯ್ದರೂ ಏರುವುದು ಆರೇಳು ಪಿಎಸ್ಐ ಮಾತ್ರ. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೆ ತುಂಬಿದ್ದರೆ ಅದಕ್ಕೆ ಏನೂ ಆಗುವುದಿಲ್ಲ. ಒಡೆದ ಟೈರು ತಂದವರದ್ದು ಬಿಚ್ಚಿ ನೋಡಿದರೆ ಕಾರಣ ಬೇರೆಯೇ ಇರುತ್ತದೆ. ರಿಮ್ಮಿನ ಪಟ್ಟಿ ಹರಿದು ಕಡ್ಡಿಯ ತುದಿ ಟ್ಯೂಬಿಗೆ ತಾಗಿರುತ್ತದೆ, ಟೈರಿನ ಅಂಚು ಸರಿಯಾಗಿ ಕೂತಿರುವುದಿಲ್ಲ, ಹಳೇ ರಬ್ಬರು ಬಿಸಿಲಿಗೆ ಒಣಗಿ ಪಕ್ಕದಲ್ಲಿ ಸೀಳು ಬಿಟ್ಟಿರುತ್ತದೆ. ಇಲ್ಲವೇ ಪೆಟ್ರೋಲ್ ಬಂಕಿನ ಕಂಪ್ರೆಸರಿನಲ್ಲಿ ಕಣ್ಣಳತೆಯಲ್ಲಿ ತುಂಬಿರುತ್ತಾರೆ. ಗಾಳಿ ಕಡಿಮೆ ಹಾಕಿ ಎಂಬ ಸಲಹೆಯೇ ಹೆಚ್ಚು ಪಂಕ್ಚರ್ ಮಾಡಿಸುತ್ತದೆ. ಗುಂಡಿಗೆ ಇಳಿದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ, ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಒಂದು ಸಣ್ಣ ಪಂಪು, ಮೀಟರ್ ಇರುವಂಥದ್ದು, ಮನೆಯಲ್ಲಿರಲಿ. ವಾರಕ್ಕೊಮ್ಮೆ ಬೆಳಿಗ್ಗೆ ತುಂಬಿ. ಶಾಖೆಯಲ್ಲಿ ಸೈಕಲ್ ನೆರಳಿಗೆ ನಿಲ್ಲಿಸಲು ಜಾಗ ಕೇಳಿ.

ನಿಮ್ಮ ಟೈರಿನ ನಿಜವಾದ ಶತ್ರು ನೆಗ್ಗಿಲ ಮುಳ್ಳು. ನೆಲಕ್ಕಂಟಿ ಹಬ್ಬುವ ಬಳ್ಳಿ, ಹಳದಿ ಹೂ. ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೇ ಇರುತ್ತದೆ. ಜೊತೆಗೆ ರಸ್ತೆ ಬದಿಯ ಬಳ್ಳಾರಿ ಜಾಲಿ. ತೆಳು ಟೈರ್ ಇದ್ದರೆ ಬದಲಿಸಿ, ಒಳಗೆ ಮುಳ್ಳು ತಡೆಯುವ ಪಟ್ಟಿ ಇರುವ, 35ರಿಂದ 40 ಮಿಲಿಮೀಟರ್ ಅಗಲದ್ದು ಹಾಕಿಸಿ. ತೂಕ ಸ್ವಲ್ಪ ಜಾಸ್ತಿ, ಓಟ ಸ್ವಲ್ಪ ಕಡಿಮೆ, ಆದರೆ ಬ್ಯಾಂಕಿಗೆ ಕೈ ಕಪ್ಪು ಮಾಡಿಕೊಂಡು ಹೋಗುವುದು ತಪ್ಪುತ್ತದೆ. ಟ್ಯೂಬಿನೊಳಗೆ ಹಾಕುವ, ತೂತು ತಾನೇ ಮುಚ್ಚುವ ದ್ರವ, ಸೀಲೆಂಟೂ ಆಗುತ್ತದೆ, ಆದರೆ ಇಲ್ಲಿಯ ಒಣ ಬಿಸಿಲಿಗೆ ಬೇಗ ಒಣಗುತ್ತದೆ, ಆಗಾಗ ಮತ್ತೆ ಹಾಕಬೇಕು.

ಗೇರ್ ಮಾರಿಬಿಡಿ ಎಂದವರು ಜುಲೈನಲ್ಲಿ ಇಲ್ಲಿ ಸೈಕಲ್ ತುಳಿದಿಲ್ಲ ಬಿಡಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎದುರಿನಿಂದ 20 ಕಿಲೋಮೀಟರ್ ವೇಗದ ಗಾಳಿ ಬಂದರೆ ಎದೆಗೆ ಬೀಳುವ ತಡೆ, ಗಾಳಿ ಇಲ್ಲದ ದಿನದ ಐದು ಪಟ್ಟಿಗಿಂತ ಜಾಸ್ತಿ. ಸಪಾಟು ರಸ್ತೆಯಲ್ಲೇ ಏರು ಹತ್ತಿದಂತೆ. ಆಗ ಹಗುರ ಗೇರಿಗೆ ಬಂದು ಕಾಲು ಬೇಗ ಬೇಗ ತಿರುಗಿಸಬೇಕು. ಗಟ್ಟಿ ಗೇರಿನಲ್ಲಿ ನುಗ್ಗಲು ಹೋದರೆ ಮೊಣಕಾಲು ಹಿಡಿಯುತ್ತದೆ. ಹ್ಯಾಂಡಲ್ ಮುಂದೆ ಬುಟ್ಟಿ ಇದ್ದರೆ ತೆಗೆಯಿರಿ, ಪಕ್ಕದ ಗಾಳಿಗೆ ಅದು ಹ್ಯಾಂಡಲನ್ನೇ ಎಳೆದಾಡುತ್ತದೆ. ಚೀಲ ಹಿಂದಿನ ಕ್ಯಾರಿಯರಿಗೆ ಇರಲಿ.

ಹೆಲ್ಮೆಟ್ಟಿನ ಮಾತು ಬೇಗ ಮುಗಿಸುತ್ತೇನೆ. ಗಾಳಿಗಿಂಡಿ ಇರುವ ಸೈಕಲ್ ಹೆಲ್ಮೆಟ್ ನೆತ್ತಿಗೆ ನೆರಳು ಕೊಡುತ್ತದೆ, ಬೇಯಿಸುವುದಿಲ್ಲ. ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ಬೆವರು ಕಣ್ಣಿಗೆ ಇಳಿಯುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಇಡಬೇಡಿ, ಒಳಗಿನ ಥರ್ಮಾಕೋಲ್ ಹಾಳಾಗುತ್ತದೆ.

ಬಟ್ಟೆಯಲ್ಲಿ ಎಲ್ಲರೂ ಎಡವುತ್ತಾರೆ. ಸೆಕೆ ಎಂದು ತೋಳಿಲ್ಲದ್ದು ಹಾಕುತ್ತಾರೆ. ಇಲ್ಲಿಯ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳನ್ನು ನೋಡಿ. ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಅಂಗಿ ತೊಟ್ಟಿರುತ್ತಾರೆ, ತಲೆಗೆ ಬಟ್ಟೆ. ಅವರಿಗೆ ಗೊತ್ತು. ಗಾಳಿಯೇ 38, 40 ಡಿಗ್ರಿ ಇದ್ದಾಗ ಅದು ಬರಿ ಚರ್ಮವನ್ನು ತಂಪು ಮಾಡುವುದಿಲ್ಲ, ಬಿಸಿ ಮಾಡುತ್ತದೆ. ತಂಪು ಮಾಡುವುದು ಬೆವರು ಆರುವುದು ಮಾತ್ರ. ಹಾಗಾಗಿ ಸಡಿಲ, ತಿಳಿ ಬಣ್ಣದ, ತುಂಬು ತೋಳಿನದ್ದು ಹಾಕಿ. "ಸೈಕ್ಲಿಂಗಿಗೆ ಹತ್ತಿ ಬೇಡ" ಎಂಬ ಮಾತು ಚಳಿ, ಮಳೆ ದೇಶಗಳ ಸಲಹೆ. ಬೆಳಗಾವಿಯ ಜುಲೈಗೂ ಅದು ಸರಿ, ನೆಂದ ಹತ್ತಿ ಆರದೆ ಮೈಗಂಟಿ ಚಳಿ ಹಿಡಿಸುತ್ತದೆ. ವಿಜಯಪುರದ ಇಪ್ಪತ್ತು ನಿಮಿಷದ ದಾರಿಗೆ ಹತ್ತಿಯಷ್ಟು ಒಳ್ಳೆಯದು ಇಲ್ಲ. ನೆಂದ ಅಂಗಿ ಮೆಲ್ಲಗೆ ಆರುತ್ತ, ನೀರಿನ ಮಣ್ಣಿನ ಗಡಿಗೆಯಂತೆ ಮೈ ತಂಪಿಡುತ್ತದೆ. ನೀರಿನ ಬಾಟಲಿಗೂ ಹಳೇ ಕಾಲುಚೀಲ ತೊಡಿಸಿ ಒದ್ದೆ ಮಾಡಿ. ನೋಡಲು ಚೆಂದವಿಲ್ಲ, ಆದರೆ ನೀರು ಕುದಿಯುವುದಿಲ್ಲ. ಕಚೇರಿ ಬಟ್ಟೆ ಚೀಲದಲ್ಲಿರಲಿ.

ಒಣ ಹವೆಯ ಒಂದು ಮೋಸ ಇದೆ. ಬೆಳಗಾವಿಯಲ್ಲಿ ಬೆವರು ಇಳಿಯುವುದು ಕಾಣುತ್ತದೆ. ಇಲ್ಲಿ ಬಂದ ಬೆವರು ಬಂದಲ್ಲೇ ಆರುತ್ತದೆ, ನೀವು ಬೆವರಿಯೇ ಇಲ್ಲ ಅಂದುಕೊಳ್ಳುತ್ತೀರಿ. ಮನೆಗೆ ಬಂದ ಮೇಲೆ ಅಂಗಿಯ ಬೆನ್ನಲ್ಲಿ ಬಿಳಿ ಉಪ್ಪಿನ ಗೆರೆ ಕಂಡಾಗಲೇ ಲೆಕ್ಕ ಸಿಗುವುದು. ಬಾಯಾರುವ ಮೊದಲೇ ಕುಡಿಯಿರಿ. ಮಜ್ಜಿಗೆ ಸಾಕು, ಬಣ್ಣದ ಪುಡಿಗಳು ಬೇಕಿಲ್ಲ. ಆದರೆ ಬಿಪಿ ಇರುವುದರಿಂದ ಉಪ್ಪು ಎಷ್ಟು ಎಂಬುದನ್ನು ನಿಮ್ಮ ವೈದ್ಯರಲ್ಲೇ ಕೇಳಿ. ಮಾತ್ರೆಯ ಹೆಸರನ್ನೂ ಹೇಳಿ. ಕೆಲವು ಬಿಪಿ ಮಾತ್ರೆಗಳು ಮೂತ್ರ ಹೆಚ್ಚು ಮಾಡಿ ಮೈಯ ನೀರು ಇಳಿಸುತ್ತವೆ, ಕೆಲವು ಎದೆಬಡಿತ ಏರದಂತೆ ತಡೆಯುತ್ತವೆ. ಬಿಸಿಲಲ್ಲಿ ತುಳಿಯುವವರಿಗೆ ಎರಡೂ ಮುಖ್ಯ. ಇದು ಸೈಕಲ್ ಅಂಗಡಿಯವನು ಹೇಳುವ ಮಾತಲ್ಲ, ವೈದ್ಯರೇ ಹೇಳಬೇಕು.

ರೇನ್‌ಕೋಟ್ ತನ್ನಿ, ಆದರೆ ತಲೆಯಿಂದ ಇಳಿಬಿಡುವ ಸಡಿಲ ಹೊದಿಕೆ, ಪೊಂಚೊ, ಬೇಡ. ಪಡುವಣ ಗಾಳಿಗೆ ಅದು ಹಾಯಿಯಂತೆ ಉಬ್ಬಿ ನಿಮ್ಮನ್ನು ಪಕ್ಕದ ಲೇನಿಗೆ ತಳ್ಳುತ್ತದೆ. ಚಿಕ್ಕ ಜಾಕೆಟ್ ಸಾಕು. ಇಲ್ಲಿ ಮಳೆ ಜಿಟಿಜಿಟಿ ಹಿಡಿಯುವುದು ಕಡಿಮೆ, ಸೆಪ್ಟೆಂಬರ್ ಹೊತ್ತಿಗೆ ಗುಡುಗು ಸಿಡಿಲಿನ ಜೊತೆ ಒಮ್ಮೆಲೇ ಸುರಿಯುತ್ತದೆ. ಆಗ ಯಾವುದಾದರೂ ಅಂಗಡಿಯ ಕಟ್ಟೆ ಹತ್ತಿ ಅರ್ಧ ಗಂಟೆ ನಿಲ್ಲಿ. ಒಂಟಿ ಮರದಡಿ ಬೇಡ.

ಚೈನು ನೋಡಿದರೇ ಸೈಕಲ್ ಯಾವ ಊರಿನದು ಎಂದು ಹೇಳಬಹುದು. ಬೆಳಗಾವಿಯದಕ್ಕೆ ಕಂದು ತುಕ್ಕು, ವಿಜಯಪುರದ್ದಕ್ಕೆ ಕಪ್ಪು ಜಿಡ್ಡು. ನೀವು ಈಗ ಮಳೆಗೆಂದು ಹಾಕುವ ದಪ್ಪ ಎಣ್ಣೆ ಇಲ್ಲಿ ಬೇಡ. ಧೂಳು ಅದಕ್ಕೆ ಅಂಟಿ, ಚೈನನ್ನೂ ಹಲ್ಲುಗಳನ್ನೂ ಅರೆದು ಸವೆಸುತ್ತದೆ. ಗ್ಯಾರೇಜಿನ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಹಳೇದನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಪೂರ್ತಿ ತೊಳೆದು, ಮೇಣದ ಅಂಶವಿರುವ ಒಣ ಲ್ಯೂಬ್ ಕೊಂಡಿಗೊಂದು ಹನಿಯಂತೆ ಹಾಕಿ, ಹೊರಗಿನದನ್ನು ಬಟ್ಟೆಯಿಂದ ಒರೆಸಿಬಿಡಿ.

ಮೇನಲ್ಲಿ ಬಂದ ದಿನವೇ ಕಚೇರಿಗೆ ತುಳಿಯಬೇಡಿ. ಮೈ ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮೊದಲ ವಾರ ಬೆಳಿಗ್ಗೆ ಆರಕ್ಕೆ ಇಪ್ಪತ್ತು ನಿಮಿಷ, ಸುಮ್ನೆ ಕೋಟೆಯ ಗೋಡೆ ಬಳಸಿ ಬನ್ನಿ. ಎರಡನೇ ವಾರ ಬೆಳಿಗ್ಗೆ ಕಚೇರಿಗೆ ಹೋಗಿ, ಸಂಜೆ ತೀರಾ ಸೆಕೆ ಇದ್ದರೆ ಸೈಕಲ್ ಅಲ್ಲೇ ಬಿಟ್ಟು ಆಟೋದಲ್ಲಿ ಬನ್ನಿ. ತಲೆ ತಿರುಗುವುದು, ವಾಂತಿ ಬಂದಂತಾಗುವುದು, ಮೈ ಜುಂ ಎನ್ನುವುದು ಶುರುವಾದರೆ ಅಲ್ಲೇ ಇಳಿದು ನೆರಳಿಗೆ ಹೋಗಿ ಮೈಗೆ ನೀರು ಸುರಿದುಕೊಳ್ಳಿ. ಮಾತು ತಡವರಿಸಿದರೆ, ಗೊಂದಲವಾದರೆ ಕಾಯುವಂತಿಲ್ಲ, ಜೊತೆಯಲ್ಲಿದ್ದವರು 108ಕ್ಕೆ ಕರೆ ಮಾಡಬೇಕು. ಎಲೆಕ್ಟ್ರಿಕ್ ಸೈಕಲ್ ಬಗ್ಗೆಯೂ ನೀವು ಯೋಚಿಸಬಹುದು, ತೊರವಿ ಮನೆಯೇ ಆದರೆ ವಿಶೇಷವಾಗಿ. ಆದರೆ ಬಿಸಿಲಲ್ಲಿ ಕಾದ ಬ್ಯಾಟರಿಯನ್ನು ಬಂದ ಕೂಡಲೇ ಚಾರ್ಜಿಗೆ ಹಾಕಬಾರದು, ಬ್ಯಾಟರಿ ಬಿಚ್ಚಿ ಒಳಗೆ ಒಯ್ಯುವಂಥದ್ದೇ ನೋಡಬೇಕು.

ಈಗಲೇ ಕೊಳ್ಳಬೇಕಾದದ್ದು ಟೈರು, ಒಣ ಲ್ಯೂಬು, ಮೀಟರಿನ ಪಂಪು, ಮುಂದೆ ಹಿಂದೆ ಲೈಟು. ಉಳಿದದ್ದು ಬಂದ ಮೇಲೆ ನೋಡೋಣ. ಸಾಮಾನಿನ ಲಾರಿಗೆ ಸೈಕಲ್ ಏರಿಸುವಾಗ ಗೇರಿನ ಬದಿ ಮೇಲೆ ಬರುವಂತೆ ಮಲಗಿಸಿ, ಅದರ ಮೇಲೆ ಏನೂ ಹೇರಬೇಡಿ. ಇಲ್ಲದಿದ್ದರೆ ಡಿರೇಲರನ್ನು ಹಿಡಿದಿರುವ ಲೋಹದ ತುಂಡು, ಹ್ಯಾಂಗರ್, ಬಗ್ಗಿರುತ್ತದೆ. ಇಳಿಸಿದ ಮೇಲೆ ಹಗುರ ಗೇರಿಗೆ ಹಾಕುವ ಮೊದಲು ಹಿಂದಿನಿಂದ ಒಮ್ಮೆ ನೋಡಿ. ಅದು ಗಾಲಿಯ ಕಡೆಗೆ ವಾಲಿದ್ದರೆ ತುಳಿಯದೆ, ನೂಕಿಕೊಂಡೇ ಅಂಗಡಿಗೆ ತನ್ನಿ.